ಮುನಿಗಂಗಪ್ಪನ ಎಡೆ

ಶಿಡ್ಲಘಟ್ಟದ ರೇಷ್ಮೆ ಬಿಚ್ಚುವ ಫಿಲೇಚರಿನಲ್ಲಿ ಮುನಿಶಾಮಮ್ಮನ ತೊಟ್ಟಿಯ ಪಕ್ಕದ ತೊಟ್ಟಿ ಜಾನ್ ಬೀಯದು. ಕುದಿಯುವ ನೀರಿನಲ್ಲಿ ಬೆರಳಾಡಿಸಿ, ಗೂಡಿನ ಎಳೆ ಹಿಡಿದು ರಾಟೆಗೆ ಕೊಡುತ್ತಲೇ ಇಬ್ಬರ ತಲೆಯೂ ನೆರೆತಿತ್ತು. ಸತ್ತ ಹುಳುವಿನ ನಾತದಲ್ಲಿ ಕೂತು ಅವರು ಆಡದ ಮಾತಿರಲಿಲ್ಲ. ಸೊಸೆಯರು, ಸೊಂಟನೋವು, ಮೇಸ್ತ್ರಿಯ ಎರಡನೆಯ ಸಂಸಾರ, ಎಲ್ಲವೂ ಬಂದುಹೋಗುತ್ತಿದ್ದವು. ಒಂದು ವಿಷಯಕ್ಕೆ ಮಾತ್ರ ಮುನಿಶಾಮಮ್ಮ ಬಾಗಿಲು ಹಾಕಿಬಿಡುತ್ತಿದ್ದಳು.

"ನಿಮ್ಮಪ್ಪ ಏನು ಮಾಡ್ತಿದ್ರೇ?" ಎಂದು ಜಾನ್ ಬೀ ಕೇಳುತ್ತಿದ್ದಳು.

"ಇದ್ರು. ಹೋದ್ರು."

"ಎಲ್ಲಿಗೆ ಹೋದ್ರು?"

"ನಿನ್ನ ಎಳೆ ಹರೀತು ನೋಡು."

ಎಳೆ ಹರಿದಿರುತ್ತಿರಲಿಲ್ಲ.

ಮುನಿಶಾಮಮ್ಮನ ತವರು ಮಂಚೇನಹಳ್ಳಿ ಕಡೆಯ ಈಚಲಗುಂಟೆ. ಅವಳ ಅಪ್ಪ ಮುನಿಗಂಗಪ್ಪ ಅಲ್ಲಿಯ ಗೌಡರ ಮನೆಯಲ್ಲಿ ಜೀತಕ್ಕಿದ್ದವನು. ನಲವತ್ತೆರಡನೆಯ ಇಸವಿಯಲ್ಲಿ, ದೇಶವೆಲ್ಲ ಬ್ರಿಟಿಷರ ಮೇಲೆ ಎದ್ದಾಗ, ಆ ಊರೂ ಎದ್ದಿತು. ಗೌಡರ ಕಿರಿಯ ಮಗ ಬಯ್ಯಪ್ಪ ಖಾದಿ ಜುಬ್ಬ ತೊಟ್ಟು ಭಾಷಣ ಮಾಡಿದ. ಸರ್ಕಾರಕ್ಕೆ ಹೆಂಡದ ಕಂದಾಯ ಹೋಗಬಾರದು, ಈಚಲ ಮರ ಕಡಿಯಿರಿ ಎಂದ. ಕೊಡಲಿ ಹಿಡಿಯಲು ಬರುತ್ತಿದ್ದದ್ದು ಕೇರಿಯವರಿಗೆ. ಭಾಷಣ ಗೌಡರದು, ಬೆವರು ಕೇರಿಯದು. ಕೆರೆಯಂಚಿನ ಈಚಲ ತೋಪಿನ ಹತ್ತಿರ ಪೊಲೀಸರು ಗುಂಡು ಹಾರಿಸಿದರು. ಜನ ದಿಕ್ಕಾಪಾಲಾಗಿ ಓಡಿದರು. ಸಂಜೆ ತಲೆ ಎಣಿಸಿದರೆ ಇಬ್ಬರಿಲ್ಲ: ಬಯ್ಯಪ್ಪ, ಮುನಿಗಂಗಪ್ಪ.

ಮೂರನೆಯ ದಿನ ಕೆರೆಯಲ್ಲಿ ಒಂದು ಹೆಣ ತೇಲಿತು. ಉಬ್ಬಿಹೋಗಿತ್ತು, ಮುಖವನ್ನು ಮೀನು ತಿಂದಿತ್ತು, ಮೈಮೇಲೆ ಖಾದಿ ಜುಬ್ಬವಿತ್ತು. ಜುಬ್ಬ ಕಂಡಮೇಲೆ ಇನ್ನೇನು ನೋಡುವುದು? ಗೌಡರ ಮನೆಯವರು ಎದೆ ಬಡಿದುಕೊಂಡು ಅತ್ತರು, ಊರೇ ಅತ್ತಿತು, ಊರ ಬಾಗಿಲಲ್ಲಿ ದೊಡ್ಡ ಗುಂಡಿ ತೋಡಿ ಮಣ್ಣುಮಾಡಿದರು. ಸ್ವಾತಂತ್ರ್ಯ ಬಂದ ಮೇಲೆ ಅದೇ ಜಾಗದಲ್ಲಿ ಕಟ್ಟೆ ಕಟ್ಟಿ, ಕಲ್ಲು ನಿಲ್ಲಿಸಿ, 'ಹುತಾತ್ಮ ಬಯ್ಯಪ್ಪ' ಎಂದು ಕೆತ್ತಿಸಿದರು.

ಹಾಗಾದರೆ ಮುನಿಗಂಗಪ್ಪ ಎಲ್ಲಿ? ಊರು ಅದಕ್ಕೂ ಉತ್ತರ ಕಂಡುಕೊಂಡಿತು. ಪೊಲೀಸರಿಗೆ ಸುದ್ದಿ ಕೊಟ್ಟವನು ಅವನೇ, ಇನಾಮು ಇಸಕೊಂಡು ಹೆಂಡತಿ ಮಗಳನ್ನು ಬಿಟ್ಟು ಓಡಿಹೋದ, ಎಂದಿತು. ಕಾಣೆಯಾದ ಗೌಡ ಹುತಾತ್ಮ, ಕಾಣೆಯಾದ ಜೀತದಾಳು ದ್ರೋಹಿ. ಈ ದೇಶದಲ್ಲಿ ಚರಿತ್ರೆ ಬರೆಯುವುದಕ್ಕೆ ಇದಕ್ಕಿಂತ ಹೆಚ್ಚಿನ ವಿದ್ಯೆ ಬೇಕಾಗಿರಲಿಲ್ಲ.

ಅಪ್ಪ ಕಾಣೆಯಾದಾಗ ಮುನಿಶಾಮಮ್ಮನಿಗೆ ಏಳೋ ಎಂಟೋ ವಯಸ್ಸು. ಸ್ವಾತಂತ್ರ್ಯ ಬಂದ ಮೇಲೂ, ಬಾವಟ ಏರಿಸುವ ದಿನ ಸಮಾಧಿಯ ಕಡೆ ಹೋದರೆ "ದ್ರೋಹಿ ಮಗಳು ಬಂದ್ಳು" ಎಂದು ಮಣ್ಣುಹೆಂಟೆ ಎಸೆಯುತ್ತಿದ್ದರು. ಅವಳ ಅವ್ವ ಗಂಗುಲಮ್ಮ ಅದಕ್ಕೆಲ್ಲ ಗಂಡನನ್ನೇ ಬೈಯುತ್ತಿದ್ದಳು. ಬೈಯುತ್ತಲೇ ದಿನಾ ಬೆಳಿಗ್ಗೆ ಹಣೆಗೆ ಕುಂಕುಮ ಇಟ್ಟುಕೊಳ್ಳುತ್ತಿದ್ದಳು. ಓಡಿಹೋದವನು ಎಲ್ಲೋ ಬದುಕಿರಬೇಕಲ್ಲ.

ಹಿರಿಯರ ಹಬ್ಬ ಬಂತೆಂದರೆ ಆ ಮನೆಯಲ್ಲಿ ಸಂಕಟ. ಮಾಲಯ ಅಮಾವಾಸ್ಯೆಯ ದಿನ ಸತ್ತವರಿಗೆಲ್ಲ ಎಲೆ ಹಾಕಿ, ಹೊಸ ಬಟ್ಟೆ ಇಟ್ಟು, ಅವರು ಇಷ್ಟಪಡುತ್ತಿದ್ದುದನ್ನೆಲ್ಲ ಬಡಿಸಿ, ಬಾಗಿಲು ಮುಂದೆಮಾಡಿ ಹೊರಗೆ ನಿಲ್ಲುತ್ತಾರೆ. ತಾತನಿಗೆ ಎಲೆ, ಅಜ್ಜಿಗೆ ಎಲೆ. ಅಪ್ಪನಿಗೆ? ಬದುಕಿದ್ದವನಿಗೆ ಎಡೆ ಇಟ್ಟರೆ ಸಾವು ಕೋರಿದ ಹಾಗೆ. ಸತ್ತವನಿಗೆ ಇಡದಿದ್ದರೆ ಹಸಿದ ಪ್ರಾಣ ಊರೂರು ಅಲೆಯುತ್ತದೆ. ಗಂಗುಲಮ್ಮ ಸಾಯುವ ತನಕ ಇಡಲಿಲ್ಲ, ಕುಂಕುಮದಲ್ಲೇ ಸತ್ತಳು. ಅವ್ವನಿಗೆ ಎಲೆ ಹಾಕಿ ಮುನಿಶಾಮಮ್ಮ ಪಕ್ಕದ ಖಾಲಿ ನೆಲ ನೋಡುತ್ತಿದ್ದಳು. ಆ ನೆಲ ಅವಳ ನಿದ್ದೆಯನ್ನು ತಿಂದಿತ್ತು. ಓಡಿಹೋದನೋ, ಸತ್ತನೋ? ದ್ರೋಹಿಯೋ, ಅಲ್ಲವೋ? ಅಷ್ಟು ತಿಳಿದರೆ ಸಾಕು ಎನ್ನುವುದೇ ಅವಳ ಬದುಕಿನ ಒಂದೇ ಕೋರಿಕೆಯಾಗಿತ್ತು.

ಎಂಬತ್ತೊಂಬತ್ತನೆಯ ಇಸವಿಯಲ್ಲಿ, ಗಣೇಶನನ್ನು ನೀರಿಗೆ ಬಿಟ್ಟ ವಾರ, ಫಿಲೇಚರಿನ ಬಾಗಿಲಿಗೆ ಒಬ್ಬ ಬಂದ. ನಡುವಯಸ್ಸು, ಬಿಳಿ ಪಂಚೆ, ಕಂಕುಳಲ್ಲಿ ಚೀಲ.

"ಈಚಲಗುಂಟೆ ಮುನಿಗಂಗಪ್ಪೋರ ಮಗಳು ಇಲ್ಲಿ ಕೆಲಸ ಮಾಡ್ತಾರಂಟ?"

ಮುನಿಶಾಮಮ್ಮನ ಕೈ ನೀರಿನಲ್ಲೇ ನಿಂತಿತು. ಈ ಸಲ ಎಳೆ ನಿಜವಾಗಿಯೂ ಹರಿಯಿತು. ಜಾನ್ ಬೀ ತಲೆಯೆತ್ತಿ, "ಯಾರಪ್ಪಾ ನೀನು? ಕೋರ್ಟಿಂದ ಬಂದಿದೀಯೋ, ಹೆಣ್ಣು ಕೇಳೋಕೆ ಬಂದಿದೀಯೋ?" ಎಂದಳು.

"ಆಂಧ್ರದ ಕದಿರಿ ಅಮ್ಮಾ ನಮ್ಮದು. ಚೆನ್ನರಾಯಪ್ಪ ಅಂತ. ಒಂದು ಮಾತು ಕೇಳಿ ಹೋಗ್ತೀನಿ."

ಮೂವರೂ ಹೊರಗೆ ಸೌದೆ ರಾಶಿಯ ನೆರಳಿಗೆ ಬಂದರು. ಚೆನ್ನರಾಯಪ್ಪ ಮಾತಿಗೆ ಮಾತು ತೆಲುಗು ಬೆರೆಸಿ ಹೇಳಿದ್ದು ಇಷ್ಟು: ಅವನ ಅಪ್ಪ ಹೋದ ವರ್ಷ ತೀರಿಕೊಂಡ. ಕದಿರಿಯಲ್ಲಿ ಕಡಲೆಕಾಯಿ ವ್ಯಾಪಾರ ಮಾಡಿಕೊಂಡಿದ್ದವನು. ಊರಿನ ಹೆಸರು ಯಾರಿಗೂ ಹೇಳದವನು ಸಾಯುವ ಮುಂಚೆ ಹೇಳಿದ: ನಾನು ಈಚಲಗುಂಟೆ ಗೌಡರ ಬಯ್ಯಪ್ಪ, ಅಲ್ಲಿ ನನ್ನ ಪಾಲಿನ ಹೊಲವಿದೆ, ಹೋಗಿ ಕೇಳು. ಚೆನ್ನರಾಯಪ್ಪ ಹೋಗಿ ಕೇಳಿದ. ಬಯ್ಯಪ್ಪನ ಅಣ್ಣನ ಮಗ ವೆಂಕಟರವಣಪ್ಪ, ಈಗ ಮಂಡಲ ಪಂಚಾಯಿತಿ ಪ್ರಧಾನ, ಸಮಾಧಿ ತೋರಿಸಿ, "ನಮ್ಮ ಚಿಕ್ಕಪ್ಪ ಇಲ್ಲಿ ಮಲಗಿದಾರೆ. ನಿಮ್ಮಪ್ಪ ಯಾವ ಕಳ್ಳನೋ" ಎಂದು ಆಚೆ ಕಳಿಸಿದ.

"ಅದಕ್ಕೆ ನನ್ನ ಹತ್ರ ಯಾಕಪ್ಪ ಬಂದೆ?" ಎಂದಳು ಮುನಿಶಾಮಮ್ಮ.

"ಪೆದ್ದಲ ಪಂಡಗಕ್ಕೆ, ಅದೇ ನಿಮ್ಮ ಹಿರಿಯರ ಹಬ್ಬಕ್ಕೆ, ನಮ್ಮ ನಾನ್ನ, ನಮ್ಮಪ್ಪ, ಒಂದು ಎಲೆ ಜಾಸ್ತಿ ಹಾಕ್ತಿದ್ದ ಅಮ್ಮಾ. ಮುನಿಗಂಗಪ್ಪನ ಎಲೆ ಅಂತ. ಅದರಲ್ಲಿ ಒಣಮೀನು ಸಾರು ಇಡಿಸ್ತಿದ್ದ, ನಮ್ಮನೇಲಿ ಯಾರೂ ತಿನ್ನಲ್ಲ ಅದನ್ನ. ಯಾರು ಇವನು, ನಮ್ಮೋನಾ ಅಂತ ಕೇಳಿದ್ರೆ, 'ಅಲ್ಲ, ನನ್ನ ಜುಬ್ಬ ಹಾಕ್ಕೊಂಡು ಮುಂದೆ ಹೋದೋನು' ಅಂತಿದ್ದ. ಬಾವಟ ಹಿಡಿಯೋನು ಖಾದೀಲಿರಬೇಕು ಅಂತ ತನ್ನ ಜುಬ್ಬ ಬಿಚ್ಚಿ ಅವನಿಗೆ ತೊಡಿಸಿದ್ನಂತೆ. ನಮ್ಮ ನಾನ್ನ ತಾನು ಹಿಂದೆ ನಿಂತಿದ್ನಂತೆ. ಗುಂಡು ಹಾರಿದ್ದೇ ಓಡಿದ್ನಂತೆ."

ಮುನಿಶಾಮಮ್ಮ ಸೌದೆಯ ಮೇಲೆ ಕೂತುಬಿಟ್ಟಳು.

"ಒಂದ್ಸಲ ಊರಿಗೆ, ತನ್ನ ಅಣ್ಣನಿಗೆ ಹೇಳಿಕಳಿಸಿದ್ನಂತೆ, ಬದುಕಿದೀನಿ ಅಂತ. ಅಣ್ಣ ಏನಂದ ಗೊತ್ತಾ? 'ನೀನು ಸತ್ತಿದೀಯ, ಸತ್ತೇ ಇರು.' ಸತ್ತೋನಿಗೆ ಪಾಲು ಕೊಡಂಗಿಲ್ಲ ನೋಡಿ." ಚೆನ್ನರಾಯಪ್ಪ ಗಂಟಲು ಸರಿಮಾಡಿಕೊಂಡ. "ಸಮಾಧೀಲಿರೋರು ನಿಮ್ಮಪ್ಪ ಅಂತ ನೀವು ಹೇಳಿದ್ರೆ, ನಮ್ಮ ನಾನ್ನ ಇಲ್ಲಿ ಸಾಯಲಿಲ್ಲ ಅಂತ ಆಗುತ್ತೆ. ನನ್ನ ಪಾಲು ನಿಲ್ಲುತ್ತೆ."

"ಆಹಾ!" ಎಂದಳು ಜಾನ್ ಬೀ. "ಇವಳ ಅಪ್ಪನ್ನ ಎಬ್ಬಿಸಿ ಸಾಕ್ಷಿಗೆ ನಿಲ್ಲಿಸ್ತೀಯಾ?"

ಚೆನ್ನರಾಯಪ್ಪ ತಲೆ ತಗ್ಗಿಸಿದ. ಆದರೆ ಮುನಿಶಾಮಮ್ಮನಿಗೆ ಅವನ ಪಾಲು, ಅವನ ಆಸೆ ಯಾವುದೂ ಕಿವಿಗೆ ಬಿದ್ದಿರಲಿಲ್ಲ. ಅವಳು ಕೇಳಿದ್ದು ಒಂದೇ.

"ಒಣಮೀನು ಇಷ್ಟ ಅಂದ್ನಾ?"

ತನ್ನ ಅಪ್ಪನಿಗೆ ಏನು ಇಷ್ಟ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಅವನನ್ನು ಗುಂಡಿನ ಮುಂದೆ ಬಿಟ್ಟು ಓಡಿದವನಿಗೆ ಗೊತ್ತಿತ್ತು.

ಮುನಿಶಾಮಮ್ಮನ ಮಗ ಆವುಲಪ್ಪ ಚಿಕ್ಕಬಳ್ಳಾಪುರದ ಒಂದು ಕಚೇರಿಯಲ್ಲಿ ಗುಮಾಸ್ತ. ಬೌದ್ಧ ದೀಕ್ಷೆ ತೆಗೆದುಕೊಂಡು ಎಡೆ, ಪಿತೃ, ಪಿಶಾಚಿ ಎಲ್ಲ ಬಿಟ್ಟವನು. ಅವ್ವನಿಂದ ವಿಷಯ ಕೇಳಿ ಉರಿದೆದ್ದ.

"ಡೀಸಿಗೆ ಅರ್ಜಿ ಕೊಡೋಣಮ್ಮ. ಕಲ್ಲಿನ ಮೇಲೆ ಹೆಸರು ಬದಲಾಗಬೇಕು. ಪೇಪರಲ್ಲಿ ಬರಬೇಕು."

"ಕೊಡಪ್ಪ. ನನಗೆ ಮೊದಲು ಗೊತ್ತಾಗಬೇಕು, ನಿಜಾನಾ ಅಂತ. ಈ ಕದಿರಿಯೋನು ಹೊಲಕ್ಕೋಸ್ಕರ ಕತೆ ಕಟ್ಟಿದ್ರೆ? ಬದುಕಿರೋನಿಗೆ ಎಡೆ ಇಟ್ಟಂಗಾದ್ರೆ?"

"ಬದುಕಿದ್ರೂ ಈಗ ತೊಂಬತ್ತಾಗಿರುತ್ತೆ ಕಣಮ್ಮ."

"ತೊಂಬತ್ತಾದ್ರೆ ಅಪ್ಪ ಅಲ್ವಾ?"

ಭಾನುವಾರ ಅವ್ವ, ಮಗ, ಚೆನ್ನರಾಯಪ್ಪ ಮೂವರೂ ಈಚಲಗುಂಟೆಗೆ ಹೋದರು. ವೆಂಕಟರವಣಪ್ಪ ಜಗಲಿಯ ಮೇಲೆ ಕುರ್ಚಿ ಹಾಕಿ ಕೂತಿದ್ದ. ಇವರು ಅಂಗಳದಲ್ಲಿ ನಿಂತರು. ಅಸ್ಪೃಶ್ಯತೆ ಅಳಿಸುವ ಕಾನೂನು ಬಂದು ಎಷ್ಟೋ ವರ್ಷವಾಗಿತ್ತು. ಜಗಲಿಗೆ ಇನ್ನೂ ಸುದ್ದಿ ತಲುಪಿರಲಿಲ್ಲ.

"ಏನಮ್ಮ ಮುನಿಶಾಮಿ, ಊರು ಮರೆತೇಬಿಟ್ಟಿದ್ದೆ! ಈ ಆಂಧ್ರದೋನ ಮಾತು ಕಟ್ಕೊಂಡು ಬಂದಿದೀಯಾ?"

ಉತ್ತರ ಕೊಟ್ಟವನು ಆವುಲಪ್ಪ. "ಒಂದೇ ಪ್ರಶ್ನೆ ಸಾರ್. ಆವತ್ತು ಕಾಣೆಯಾದೋರು ಇಬ್ರು. ಕೆರೇಲಿ ಸಿಕ್ಕಿದ್ದು ಒಂದು ಹೆಣ. ನಿಮ್ಮ ಚಿಕ್ಕಪ್ಪ ಹೋದ ವರ್ಷ ಕದಿರೀಲಿ ತೀರ್ಕೊಂಡಿದ್ರೆ, ಇಲ್ಲಿ ಮಲಗಿರೋದು ಯಾರು?"

ವೆಂಕಟರವಣಪ್ಪ ಕೋಪಿಸಿಕೊಳ್ಳಲಿಲ್ಲ. ರಾಜಕೀಯದವನು, ನಕ್ಕ. "ನೀನು ಓದಿದೋನಪ್ಪ, ನಿನಗೆ ಹೇಳಬೇಕಾ? ಆ ಕಲ್ಲು ನಮ್ಮ ಮನೇದಲ್ಲ, ದೇಶದ್ದು. ಮಂತ್ರಿಗಳು ಬಂದು ಹಾರ ಹಾಕೋಗಿದಾರೆ. ಅದರಡೀಲಿ ಯಾರಿದಾರೆ ಅಂತ ಕೆದಕಿದ್ರೆ ದೇಶದ ಮಾನ ಏನಾಗ್ಬೇಕು?"

ದೇಶದ ಮಾನ! ಜೀತದವನಿಗೆ ಜುಬ್ಬ ತೊಡಿಸಿ ಗುಂಡಿನ ಮುಂದೆ ತಳ್ಳಿದಾಗ ಹೋಗದ ಮಾನ, ಅವನ ಹೆಂಡತಿ ಮಗಳಿಗೆ ಮಣ್ಣುಹೆಂಟೆ ಬಿದ್ದಾಗ ಹೋಗದ ಮಾನ, ಅವನ ಹೆಸರೆತ್ತಿದರೆ ಹೋಗುತ್ತದಂತೆ. ಮುನಿಶಾಮಮ್ಮನಿಗೆ ಇದನ್ನೆಲ್ಲ ಬಾಯಿಬಿಟ್ಟು ಹೇಳಲು ಬರಲಿಲ್ಲ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಒಳಗಿನಿಂದ ಒಂದು ಮುದುಕಿ ಗೋಡೆ ಹಿಡಿದುಕೊಂಡು ಬಂತು. ಬೋಳು ಹಣೆ, ಬರಿಗೈ, ಬಿಳಿ ಖಾದಿ ಸೀರೆ. ಅಮ್ಮಾಜಮ್ಮ, ಬಯ್ಯಪ್ಪನ ಹೆಂಡತಿ. ಹದಿನಾರಕ್ಕೋ ಹದಿನೇಳಕ್ಕೋ ಬಳೆ ಒಡೆಸಿಕೊಂಡ ಆಕೆಯನ್ನು ಊರು 'ಹುತಾತ್ಮರ ಪತ್ನಿ' ಎಂದು ಪ್ರತಿ ಆಗಸ್ಟಿನಲ್ಲಿ ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸುತ್ತಿತ್ತು.

"ಯಾರೋ ಅದು ಕದಿರಿಯೋನು? ಫೋಟೋ ಇದೆ ಅಂದ್ಯಂತಲ್ಲ ಮೊನ್ನೆ, ಕೊಡಿಲ್ಲಿ."

"ಚಿಕ್ಕಮ್ಮ, ಒಳಗೋಗು ನೀನು."

"ಸುಮ್ಕಿರೋ."

ಚೆನ್ನರಾಯಪ್ಪ ಚೀಲದಿಂದ ಚೌಕಟ್ಟು ಹಾಕಿಸಿದ್ದ ಫೋಟೋ ತೆಗೆದು ಎರಡೂ ಕೈಯಲ್ಲಿ ಕೊಟ್ಟ. ಅಮ್ಮಾಜಮ್ಮ ಬಿಸಿಲಿಗೆ ಹಿಡಿದು, ಮೂಗಿನ ಹತ್ತಿರ ತಂದು, ದೂರ ಹಿಡಿದು ನೋಡಿದಳು. ಆಮೇಲೆ ಬೆರಳಿನಿಂದ ಗಾಜು ಕುಟ್ಟಿದಳು.

"ಎಡಗಿವಿ ನೋಡು. ಎತ್ತು ಹಾಯ್ದು ಅರ್ಧ ಹೋಗಿತ್ತು. ಮದುವೇಲಿ ಪೇಟ ಇಳಿಸಿ ಮುಚ್ಚಿದ್ರು ಕಳ್ಳರು. ಹಸೆಯಿಂದ ಎದ್ದಮೇಲೆ ತಾನೇ ನಾನು ನೋಡಿದ್ದು." ಆಕೆ ಬೆರಳನ್ನು ಪಕ್ಕಕ್ಕೆ ಸರಿಸಿದಳು. "ಇವಳ್ಯಾರು ಪಕ್ಕದಲ್ಲಿ?"

"ಮಾ ಅಮ್ಮ, ನಮ್ಮ ತಾಯಿ" ಎಂದ ಚೆನ್ನರಾಯಪ್ಪ, ಅಳುಕುತ್ತಾ.

"ಕುಂಕುಮ ನೋಡು, ಕಾಸಿನಗಲ!" ಮುದುಕಿ ಫೋಟೋವನ್ನು ಅವನ ಎದೆಗೆ ಒತ್ತಿ ಕೊಟ್ಟು, ಅಂಗಳದ ಕಡೆ ತಿರುಗಿದಳು. "ಮುನಿಶಾಮೀ, ನಂದೂ ನಿಮ್ಮವ್ವಂದೂ ಅದಲುಬದಲಾಗೋಯ್ತಲ್ಲೇ! ನನ್ನ ಗಂಡ ಕದಿರೀಲಿ ಮುದ್ದೆ ಮುರೀತಿರಬೇಕಾದ್ರೆ ನಾನು ಹಣೆ ಒರೆಸ್ಕೊಂಡೆ. ಅವಳ ಗಂಡ ಇಲ್ಲಿ ಮಣ್ಣಾಗಿರಬೇಕಾದ್ರೆ ಅವಳು ಕುಂಕುಮ ಇಟ್ಕೊಂಡು ಕಾದ್ಲು. ಥೂ! ಯಾವ ಹುತಾತ್ಮ ಇವನು?"

"ಚಿಕ್ಕಮ್ಮ! ನಿನ್ನ ಮಾಸಾಶನ ನಿಂತೋಗುತ್ತೆ, ನೋಡ್ಕೋ."

"ನಿಂತೋಗಲಿ ಬಿಡೋ. ಅದರ ಮುಖ ನಾನು ಯಾವತ್ತು ಕಂಡಿದೀನಿ, ತಿಂದೋನು ನೀನು."

ಅಂಗಳದ ಆಚೆ ಸೇರಿದ್ದ ಜನದಲ್ಲಿ ಯಾರೋ ಕಿಸಕ್ಕೆಂದರು. ವೆಂಕಟರವಣಪ್ಪ ಎದ್ದು ಒಳಗೆ ಹೋದ.

ಮುನಿಶಾಮಮ್ಮ ಅಳಲಿಲ್ಲ. ಅಂಗಳದ ಕಲ್ಲಿನ ಮೇಲೆ ಕೂತು ಉಸಿರು ಎಳೆದುಕೊಂಡಳು, ಬಿಟ್ಟಳು, ಮತ್ತೆ ಎಳೆದುಕೊಂಡಳು. ತಲೆಯ ಮೇಲೆ ಹೊತ್ತಿದ್ದ ಹೊರೆಯನ್ನು ಇಳಿಸಿದ ಮೇಲೂ ಕತ್ತು ಸ್ವಲ್ಪ ಹೊತ್ತು ಬಿಗಿಯಾಗೇ ಇರುತ್ತದಲ್ಲ, ಹಾಗೆ. ಅಪ್ಪ ಓಡಿಹೋಗಿರಲಿಲ್ಲ. ಬಿಟ್ಟುಹೋಗಿರಲಿಲ್ಲ. ಇಷ್ಟು ದಿನ ಇಲ್ಲೇ ಇದ್ದ, ಊರ ಬಾಗಿಲಲ್ಲೇ. ಮಂತ್ರಿಗಳು ಹಾರ ಹಾಕಿದ್ದು ಅವನಿಗೆ. ಗೌಡರ ಮನೆಯವರು ತೆಂಗಿನಕಾಯಿ ಒಡೆದು ಅಡ್ಡಬಿದ್ದದ್ದು ಅವನಿಗೆ. ಆ ಯೋಚನೆ ಬಂದದ್ದೇ ಅವಳಿಗೆ ನಗು ಉಕ್ಕಿತು. ಆವುಲಪ್ಪ ಗಾಬರಿಯಾಗಿ, "ಅಮ್ಮಾ, ನೀರು ಕುಡೀತೀಯಾ?" ಎಂದ.

"ಅಲ್ಲ ಕಣೋ, ನಮ್ಮಪ್ಪನ ಕಾಲಿಗೆ ಇವರೆಲ್ಲ ಬಿದ್ದಿದಾರೆ! ಅವನಿಗೆ ಎಷ್ಟು ಮುಜುಗರ ಆಗಿರಬೇಕು!"

ಚೆನ್ನರಾಯಪ್ಪ ಹತ್ತಿರ ಬಂದು ಮೆಲ್ಲಗೆ, "ಈ ಮಾತು ಕೋರ್ಟಲ್ಲೂ ಹೇಳ್ತೀರಲ್ಲಮ್ಮ?" ಎಂದ.

"ಹೇಳ್ತೀನಪ್ಪ. ನಿನ್ನ ಪಾಲಿಗಲ್ಲ. ವರ್ಷಾವರ್ಷ ನಮ್ಮಪ್ಪನಿಗೆ ಊಟ ಹಾಕಿದೀರಲ್ಲ, ಅದಕ್ಕೆ."

ಅಮಾವಾಸ್ಯೆಯ ದಿನ ಮುನಿಶಾಮಮ್ಮ ಫಿಲೇಚರಿಗೆ ರಜೆ ಹಾಕಿ, ಕೋಳಿ ಕೂಗುವ ಮೊದಲೇ ಎದ್ದು ಅಡುಗೆಗೆ ನಿಂತಳು. ಮುದ್ದೆ, ಬಾಡಿನ ಸಾರು, ವಡೆ, ಒಣಮೀನಿನ ಸಾರು. ಹೊಸ ಪಂಚೆ, ಒಂದು ಕಟ್ಟು ಬೀಡಿ. ಎಲ್ಲವನ್ನೂ ಕುಕ್ಕೆಗೆ ತುಂಬಿ ಬಸ್ಸು ಹತ್ತಿದಳು. ಮೀನಿನ ವಾಸನೆಗೆ ಪಕ್ಕದವರು ಮೂಗು ಮುಚ್ಚಿಕೊಂಡರು. ಚಿಕ್ಕಬಳ್ಳಾಪುರದಲ್ಲಿ ಹತ್ತಿಕೊಂಡ ಆವುಲಪ್ಪ, ನಂಬಿಕೆ ಇಲ್ಲ ಎನ್ನುತ್ತಲೇ ಕುಕ್ಕೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡ.

ಸಮಾಧಿಯ ಕಟ್ಟೆಗೆ ವೆಂಕಟರವಣಪ್ಪ ಅಡ್ಡ ನಿಂತಿದ್ದ. ಜೊತೆಗೆ ಅವನ ಕಡೆಯವರು ನಾಲ್ಕು ಜನ. ಕೇರಿಯವರು ಈಚೆ ರಸ್ತೆಯಲ್ಲಿ ನಿಂತಿದ್ದರು. ಹಿಂದೆಂದೂ ಅವರು ಅಷ್ಟು ಹತ್ತಿರ ಬಂದು ನಿಂತಿರಲಿಲ್ಲ.

"ನೋಡಮ್ಮ, ಮನೇಲಿ ಇಟ್ಕೋ, ಬೇಡ ಅನ್ನಲ್ಲ. ಇಲ್ಲಿ ಬಾಡು, ಮೀನು ತಂದಿಡೋದಾ? ಗಾಂಧಿ ಹೆಸರು ಹೇಳ್ಕೊಂಡು ಸತ್ತೋರ ಜಾಗ ಇದು."

ಮುನಿಶಾಮಮ್ಮ ಕುಕ್ಕೆಯನ್ನು ಸೊಂಟಕ್ಕೆ ಏರಿಸಿಕೊಂಡಳು. ಗೌಡರ ಮನೆಯವರ ಮುಖ ನೋಡಿ ಮಾತಾಡಿದ್ದು ಅವಳಿಗೆ ಅದೇ ಮೊದಲು.

"ಗಾಂಧಿ ಹೆಸರು ಹೇಳ್ಕೊಂಡು ಸತ್ತಿದ್ದು ನಿಜ ಸ್ವಾಮಿ. ಒಣಮೀನು ತಿಂತಿದ್ದದ್ದೂ ನಿಜ."

"ಕಲ್ಲು ಮುಟ್ಟಬೇಡ ಅಂದೆ."

"ಕಲ್ಲು ನಿಮ್ದು, ನಾನ್ಯಾಕೆ ಮುಟ್ಟಲಿ? ಅದರಡೀಲಿ ಇರೋದು ನಮ್ದು. ದಾರಿ ಬಿಡಿ."

ಅವನು ಬಿಡಲಿಲ್ಲ. ಕೇರಿಯವರು ಒಂದು ಹೆಜ್ಜೆ ಮುಂದೆ ಬಂದರು. ಆವುಲಪ್ಪ ಮುಷ್ಟಿ ಬಿಗಿಹಿಡಿದ. ಆ ಹೊತ್ತಿಗೆ ಊರೊಳಗಿನಿಂದ ಕೋಲೂರಿಕೊಂಡು ಅಮ್ಮಾಜಮ್ಮ ಬಂದಳು. ಯಾರನ್ನೂ ಮಾತಾಡಿಸದೆ ವೆಂಕಟರವಣಪ್ಪನ ಪಕ್ಕದಲ್ಲೇ ನುಸುಳಿ ಕಟ್ಟೆ ಹತ್ತಿ, 'ಹುತಾತ್ಮ ಬಯ್ಯಪ್ಪ' ಎಂಬ ಅಕ್ಷರಕ್ಕೆ ಬೆನ್ನು ಕೊಟ್ಟು ಆರಾಮಾಗಿ ಕೂತಳು.

"ಬಾರೇ ಮುನಿಶಾಮಿ. ಎಲೆ ಹಾಕು. ನನ್ನ ಎತ್ತಿ ಆಚೆ ಹಾಕೋ ಗಂಡಸು ಯಾರಿದಾನೋ ನೋಡ್ತೀನಿ."

ಊರೆಲ್ಲ ನೋಡುತ್ತಿತ್ತು. ವರ್ಷಾವರ್ಷ ತಾನೇ ಶಾಲು ಹೊದಿಸಿದ ಮುದುಕಿಯನ್ನು ಎಳೆದು ಕೆಡಹುವುದು ಹೇಗೆ? ಚುನಾವಣೆ ಬೇರೆ ಹತ್ತಿರದಲ್ಲಿತ್ತು. ವೆಂಕಟರವಣಪ್ಪ ಏನೋ ಗೊಣಗಿ ಟವೆಲ್ ಕೊಡವಿಕೊಂಡು ನಡೆದ. ನಾಲ್ಕು ಜನ ಹಿಂದೆಯೇ ಹೋದರು.

ಮುನಿಶಾಮಮ್ಮ ನೆಲ ಗುಡಿಸಿ, ನೀರು ಚಿಮುಕಿಸಿ, ಎಲೆ ಹಾಸಿ ಬಡಿಸಿದಳು. ಮುಚ್ಚಲು ಬಾಗಿಲಿರಲಿಲ್ಲ, ಅದಕ್ಕೆ ಎಲ್ಲರೂ ಬೆನ್ನು ತಿರುಗಿಸಿ ನಿಂತರು. ಬುದ್ಧನ ಕಡೆಯ ಆವುಲಪ್ಪನೂ ತಿರುಗಿ ನಿಂತ. ಅವಳು ಮಾತ್ರ ಒಂದು ಗಳಿಗೆ ಬಗ್ಗಿ ಹೇಳಿದಳು:

"ಉಣ್ಣಪ್ಪ. ಅವ್ವ ಬೈದಿದ್ದನ್ನ ಮನಸಲ್ಲಿ ಇಟ್ಕೋಬೇಡ. ಅವಳಿಗೆ ಗೊತ್ತಿರಲಿಲ್ಲ."

ಎಡೆ ಮುಗಿದ ಮೇಲೆ ಕೇರಿಯವರೆಲ್ಲ ಕೂತು ಉಂಡರು. ಅಮ್ಮಾಜಮ್ಮ ಕೈ ಚಾಚಿ, "ಬಾಡಿದ್ರೆ ಒಂದು ತುಂಡು ಹಾಕೇ. ಹುತಾತ್ಮರ ಹೆಂಡತಿ ಸಾತ್ವಿಕವಾಗಿರಬೇಕು ಅಂತ ನನಗೆ ಬಾಡನ್ನೂ ಬಿಡಿಸಿದ್ರು ಮುಂಡೇಮಕ್ಕಳು" ಎಂದಳು. ಎರಡು ತುಂಡು ತಿಂದು, ಮೂಳೆಯನ್ನೂ ಬಿಡಲಿಲ್ಲ.

ಆವುಲಪ್ಪ ಅರ್ಜಿಗೆ ಬೆರಳೊತ್ತು, ರುಜು ಹಾಕಿಸಲು ಕೇರಿಯಲ್ಲೇ ಉಳಿದ. ಕಲ್ಲಿನ ಮೇಲಿನ ಹೆಸರು ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ. ಮರುವರ್ಷವೂ ಬಯ್ಯಪ್ಪನ ಹೆಸರಿಗೇ ಹಾರ ಬಿತ್ತು, ಅರ್ಜಿ ಮೇಜಿನಿಂದ ಮೇಜಿಗೆ ಅಲೆಯುತ್ತಿತ್ತು. ಈ ದೇಶಕ್ಕೆ ಗುಂಡು ಹಾರಿಸಲು ಗಳಿಗೆ ಸಾಕು, ತಪ್ಪು ಒಪ್ಪಿಕೊಳ್ಳಲು ತಲೆಮಾರು ಬೇಕು. ಅದು ಮಗನ ಜಗಳ. ಅವನು ಬಿಡಲಿಲ್ಲ, ಬಿಡಲೂ ಬಾರದು.

ಎಡೆ ಇಟ್ಟ ದಿನದ ಸಂಜೆಯೇ ಮುನಿಶಾಮಮ್ಮ ಖಾಲಿ ಕುಕ್ಕೆಯೊಂದಿಗೆ ಚಿಕ್ಕಬಳ್ಳಾಪುರದಲ್ಲಿ ಪ್ರೈವೇಟ್ ಬಸ್ಸು ಹತ್ತಿದಳು. ಕಿಟಕಿ ಪಕ್ಕ ಸೀಟು ಸಿಕ್ಕಿತು. ಊರು ದಾಟುವ ಮೊದಲೇ ಕಣ್ಣು ಮುಚ್ಚಿತು. ಶಿಡ್ಲಘಟ್ಟ ಬಂದಿತು, ಜನ ಇಳಿದರು, ಹತ್ತಿದರು, ಕ್ಲೀನರ್ ಊರಿನ ಹೆಸರು ಹಿಡಿದು ಕೂಗಿದ. ಅವಳಿಗೆ ಯಾವುದೂ ತಿಳಿಯಲಿಲ್ಲ.

"ಅಜ್ಜೀ! ಏಯ್ ಅಜ್ಜೀ! ಚಿಂತಾಮಣಿ ಬಂತು, ಕೊನೇ ಸ್ಟಾಪು. ನೀನು ಶಿಡ್ಲಘಟ್ಟಕ್ಕೆ ತಾನೇ ಟಿಕೆಟ್ ತಗೊಂಡಿದ್ದು? ಗೊರಕೆ ಹೊಡ್ಕೊಂಡು ಬಂದಿದೀಯಲ್ಲ!"

ಮುನಿಶಾಮಮ್ಮ ಕಣ್ಣುಜ್ಜಿಕೊಂಡು ಹೊರಗೆ ನೋಡಿದಳು. ಗೊತ್ತಿಲ್ಲದ ಬಸ್‌ಸ್ಟ್ಯಾಂಡು, ಗೊತ್ತಿಲ್ಲದ ದೀಪಗಳು. ಅವಳಿಗೆ ನಗು ಬಂತು.

"ನಿದ್ದೆ ಬಂದಿತ್ತಪ್ಪ" ಎಂದಳು. "ವಾಪಸ್ ಹೋಗೋ ಬಸ್ಸು ಎಷ್ಟೊತ್ತಿಗೆ?"

"ಇನ್ನೂ ಒಂದು ಗಂಟೆ ಇದೆ."

"ಹಂಗಾದ್ರೆ ನಿಧಾನಕ್ಕೆ ಟೀ ಕುಡೀತೀನಿ" ಎಂದು ಕುಕ್ಕೆ ಎತ್ತಿಕೊಂಡು ಇಳಿದಳು.